ಹಲಗಲಿಯ ಲಾವಣಿಯಲ್ಲಿ ಆಯುಧದ ಬೆಲೆ

ಕನ್ನಡದ ಚಾರಿತ್ರಿಕ ಲಾವಣಿಗಳಲ್ಲಿ ಹಲಗಲಿಯ ಬೇಡರನ್ನು ಕುರಿತ ಲಾವಣಿಯು ಬಹು ಪ್ರಸಿದ್ಧವಾದುದು. ಶಾಸನ ಸಂಶೋಧಕರಾದ ಜಾನ್ ಫೇತ್‌ಫುಲ್ ಫ್ಲೀಟರು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬೆಳಕಿಗೆ ತಂದ ಕನ್ನಡ ಲಾವಣಿಗಳಲ್ಲಿ ಇದೂ ಒಂದು. ಕೊನೆಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿರುವುದು. ಮುಂದೆ ಪಾಠಪುಸ್ತಕಗಳಲ್ಲಿ ಸೇರಿದ ಈ ಕೃತಿಯನ್ನು ಬೋಧಿಸುವವರು, ಇದು ವೀರರಸಪ್ರಧಾನವಾದ ದೇಶಭಕ್ತಿಯ ಕಾವ್ಯವೆಂದು ಹೇಳಿ ವಿಚಾರವನ್ನು ಮುಗಿಸುವುದೇ ವಾಡಿಕೆ. ಈ ನಿರ್ಣಯವು ಕೃತಿಯ ಪೂರ್ವಾರ್ಧಕ್ಕೆ ಸಲ್ಲುವಷ್ಟು ಉತ್ತರಾರ್ಧಕ್ಕೆ ಸಲ್ಲದು. ಪ್ರಜೆಯು ಆಯುಧವನ್ನಿಟ್ಟುಕೊಳ್ಳಬಹುದೆ, ಇಟ್ಟುಕೊಂಡರೆ ತೆರಬೇಕಾದ ಬೆಲೆಯೇನು ಎಂಬ ಎರಡು ಪ್ರಶ್ನೆಗಳು ಈ ಲಾವಣಿಯ ಒಡಲಲ್ಲಿವೆ. ಮೊದಲನೆಯದಕ್ಕೆ ಸರಕಾರವು ಉತ್ತರ ಹೇಳಿತು. ಎರಡನೆಯದಕ್ಕೆ ಲಾವಣಿಕಾರನು ಹೇಳಿರುವನು.

1857ನೆಯ ಮೇ ತಿಂಗಳಲ್ಲಿ ಮೀರತ್ತಿನಲ್ಲಿ ಸಿಪಾಯಿಗಳು ತಿರುಗಿಬಿದ್ದರು. ನಾಲ್ಕು ತಿಂಗಳು ಕಳೆದು ಸೆಪ್ಟೆಂಬರಿನಲ್ಲಿ ಆ ವರ್ಷದ 28ನೆಯ ಕಾಯಿದೆಯು ಹೊರಟಿತು. ಆಯುಧಗಳನ್ನು ಹೊರಗಿನಿಂದ ತರುವುದು, ತಯಾರಿಸುವುದು, ಮಾರುವುದು ಇವಲ್ಲದೆ, ಅವನ್ನು ಇಟ್ಟುಕೊಳ್ಳುವ ಹಕ್ಕನ್ನೂ ಅದು ಕಟ್ಟಿಗೊಳಪಡಿಸಿತು. ನಿಶ್ಶಸ್ತ್ರೀಕರಣದ ಕಾಯಿದೆಯೆಂದು ಜನರು ಕರೆದುದು ಇದನ್ನೇ. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯಲ್ಲಿ ಬೇಡರು ಆಯುಧಗಳನ್ನೊಪ್ಪಿಸಲು ನಿರಾಕರಿಸಿದರು. ಬೇಟೆ, ಊರಕಾವಲು, ದಂಡಿನ ಊಳಿಗ ಇವೇ ಅವರ ಕುಲವೃತ್ತಿಯಾಗಿದ್ದುದರಿಂದ, ಆಯುಧವು ಅವರಿಗೆ ಅಲಂಕಾರವಾಗಿರಲಿಲ್ಲ, ಅನ್ನದ ದಾರಿಯಾಗಿದ್ದಿತು. ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿದರು.

ಲಾವಣಿಯ ಕಥಾಸಂವಿಧಾನವು ಸರಳವಾದುದು. ಎಲ್ಲ ಜನರಿಂದಲೂ ಆಯುಧಗಳನ್ನು ಬಲಾತ್ಕಾರದಿಂದ ಕಸಿಯಬೇಕೆಂಬ ಹುಕುಮು ವಿಲಾಯತಿಯಿಂದ ಬಂದುದೇ ಆರಂಭ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಕೂಡಿ ಆಲೋಚಿಸುವರು. ಆಯುಧ ಹೋದ ಮೇಲೆ ಬದುಕಿದ್ದೂ ಸತ್ತಂತೆಯೇ ಎಂಬುದು ಅವರ ನಿಶ್ಚಯ. ಕೇಳಬಂದ ಕಾರಕೂನನಿಗೆ ಪೆಟ್ಟು ಬೀಳುವುದು, ದಂಡು ಬರುವುದು, ಕಾಳಗವಾಗುವುದು, ಒಬ್ಬೊಬ್ಬರಾಗಿ ವೀರರು ಬೀಳುವರು. ಇಷ್ಟಕ್ಕೇ ಕವಿಯು ನಿಲ್ಲಿಸಿದ್ದರೆ ಇದನ್ನು ವೀರಕಾವ್ಯವೆನ್ನಲು ಯಾರ ಆಕ್ಷೇಪವೂ ಇರುತ್ತಿರಲಿಲ್ಲ. ಆದರೆ ಅವನು ನಿಲ್ಲಿಸಿಲ್ಲ. ದಂಡಿನವರು ಊರಿನಿಂದ ಹೊತ್ತೊಯ್ದ ವಸ್ತುಗಳನ್ನು ಎಣಿಸತೊಡಗುವನು. ಕೊಡಲಿ ಮೊದಲಾದ ಕಬ್ಬಿಣದ ಸಾಮಾನು, ಮೊಸರು, ಬೆಣ್ಣೆ, ಹಾಲು, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಅಕ್ಕಿ, ಸಕ್ಕರೆ, ಬೆಲ್ಲ, ಊಟದ ಗಂಗಾಳ, ನೀರಿನ ಚೆರಗಿ, ಹೆಂಗಸರ ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು. ಆಮೇಲೆ ಊರು ಬೂದಿಯಾದುದನ್ನು ಹೇಳಿ ಹಾಡು ಮುಗಿಯುವುದು.

ಇಲ್ಲಿ ಪೂರ್ವಪಕ್ಷವು ಹೀಗೆ ಹುಟ್ಟಬಹುದು: ಕಾಳಗದ ವರ್ಣನೆಯಾದೊಡನೆ ಸಂತೆಯ ಪಟ್ಟಿಯಂತಹ ವಸ್ತುಗಣನೆಯು ಬಂದರೆ ರಸಭಂಗವಾಗುವುದಿಲ್ಲವೆ? ಹುತಾತ್ಮರ ಸಾವಿನ ಬಳಿಯಲ್ಲಿ ಜೀರಿಗೆ ಬೆಲ್ಲಗಳನ್ನು ಹೆಸರಿಸುವುದು ಅನೌಚಿತ್ಯವಲ್ಲವೆ? ಹಾಡುಗಾರನು ಪ್ರಾಸದ ಮೋಹದಿಂದ ನಾಲಗೆಗೆ ಬಂದುದನ್ನೆಲ್ಲ ಪೋಣಿಸಿರಬೇಕು ಎಂದು. ಈ ಭಾಗವನ್ನು ಆತುರದಿಂದ ಓದಿ ಮುಗಿಸುವುದಕ್ಕೆ ಇಂತಹ ಭಾವನೆಯೇ ಕಾರಣವೆಂದು ತೋರುತ್ತದೆ.

ಸಿದ್ಧಾಂತವು ಬೇರೆ. ಹುಕುಮು ಕೇಳಿದುದು ಆಯುಧವನ್ನು; ದಂಡು ಒಯ್ದುದು ಬೀಸುವ ಕಲ್ಲನ್ನು. ಈ ಅಂತರವನ್ನು ತೋರಿಸಲು ಎಣಿಸದೆ ಬೇರೆ ದಾರಿಯಿಲ್ಲ. 'ಸರ್ವಸ್ವವೂ ಲೂಟಿಯಾಯಿತು' ಎಂದು ಒಂದೇ ಮಾತಿನಲ್ಲಿ ಹೇಳಿದ್ದರೆ ಅರ್ಥವು ತಿಳಿಯುತ್ತಿತ್ತೇ ಹೊರತು, ಒಲೆಯ ಮುಂದಿನ ಉಪ್ಪಿನ ಗಡಿಗೆಯವರೆಗೂ ಸಿಪಾಯಿಯ ಕೈ ಹೋದುದು ಕೇಳುವವನ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಪಟ್ಟಿಯ ಕ್ರಮವೂ ಗಮನಾರ್ಹವಾದುದು. ಅಂಗಳದ ಕೊಡಲಿಯಿಂದ ಹೊರಟು, ಅಡಿಗೆಮನೆಯನ್ನು ಹೊಕ್ಕು, ಹೆಣ್ಣಿನ ಕೊರಳನ್ನು ಮುಟ್ಟಿ, ಹೊರಲಾರದ ಭಾರದ ಕಲ್ಲಿನಲ್ಲಿ ಅದು ನಿಲ್ಲುವುದು. ಬೀಸುವ ಕಲ್ಲು ಹೋದ ಮನೆಯಲ್ಲಿ ಮರುದಿನದ ರೊಟ್ಟಿಗೆ ಹಿಟ್ಟಿಲ್ಲ. ಆಯುಧವನ್ನು ಕೊಡೆವೆಂದವರು ತೆತ್ತ ಬೆಲೆಯನ್ನು ಲಾವಣಿಕಾರನು ರೂಪಾಯಿಗಳಲ್ಲಿಯೂ ಹೇಳಿಲ್ಲ, ಕೀರ್ತಿಯಲ್ಲಿಯೂ ಹೇಳಿಲ್ಲ. ಮನೆಯ ಸಾಮಾನಿನಲ್ಲಿ ಹೇಳಿರುವನು.

ಇದರಿಂದ ಅಂಗಿರಸದ ನಿರ್ಣಯವು ಸುಲಭವಾಗುವುದು. ಭರತನು ಕರುಣಕ್ಕೆ ಹೇಳಿರುವ ವಿಭಾವಗಳಲ್ಲಿ ಇಷ್ಟಜನವಿಯೋಗ, ವಿಭವನಾಶ, ವಧ, ಬಂಧ ಇವು ಸೇರಿವೆ. ಈ ಲಾವಣಿಯ ಉತ್ತರಾರ್ಧದ ತಿರುಳು ಇವೇ. ಹಾಗಾದರೆ ಪೂರ್ವಾರ್ಧದ ಉತ್ಸಾಹವು ವ್ಯರ್ಥವೆ? ಅಲ್ಲ. ಸ್ತ್ರೀಪರ್ವದಲ್ಲಿ ಭೂರಿಶ್ರವನ ಕಡಿದ ಕೈಯನ್ನು ಕಂಡು ಅವನ ಪತ್ನಿಗೆ ಹಿಂದಿನ ಸರಸವು ನೆನಪಾಗುವುದು ಶೋಕವನ್ನೇ ಬಲಗೊಳಿಸುವುದೆಂದು ಆಲಂಕಾರಿಕರು ವಿವರಿಸಿರುವರು. ಅಂತೆಯೇ ಇಲ್ಲಿ ನಾಲ್ವರ ಕೆಚ್ಚು ಮೊದಲು ಬಂದುದರಿಂದಲೇ ಕೊನೆಯ ಬೂದಿಯು ಹೆಚ್ಚು ಸುಡುವುದು. ಯುದ್ಧಮಯವಾದ ಮಹಾಭಾರತಕ್ಕೆ ಶಾಂತವೇ ಅಂಗಿರಸವೆಂದು ಆನಂದವರ್ಧನನು ನಿರ್ಣಯಿಸಿದುದು ಅದರ ಪರ್ಯವಸಾನವನ್ನು ನೋಡಿ. ಅದೇ ನ್ಯಾಯದಿಂದ ನೋಡಿದರೆ ಈ ಚಿಕ್ಕ ಲಾವಣಿಯಲ್ಲಿ ಕರುಣವು ಅಂಗಿ, ವೀರವು ಅಂಗ.

ಇದೇ ಕಾಲದಲ್ಲಿ ಸುರಪುರದಲ್ಲಿ ನಡೆದುದನ್ನು ಹೋಲಿಸಿದರೆ ಲಾವಣಿಯ ವೈಶಿಷ್ಟ್ಯವು ಮತ್ತಷ್ಟು ವಿಶದವಾಗುವುದು. ಕೃಷ್ಣಾ ಭೀಮಾ ತೀರದಲ್ಲಿ, ಕೊಂಕಲ್, ಶಹಾಪುರ ಮೊದಲಾದ ಊರುಗಳನ್ನೊಳಗೊಂಡು ಇಂದು ಯಾದಗಿರಿ ಜಿಲ್ಲೆಯೆನಿಸಿರುವ ಸೀಮೆಯಲ್ಲಿ ಸುರಪುರದ ಬೇಡ ನಾಯಕರ ಹೆಸರು ಇಂದಿಗೂ ಮಾಸಿಲ್ಲ. ರಾಜಾ ವೆಂಕಟಪ್ಪನಾಯಕನು 1858ರ ಫೆಬ್ರವರಿಯಲ್ಲಿ ಇಂಗ್ಲಿಷರನ್ನೆದುರಿಸಿ ಸೋತು ಸೆರೆಯಾದನು. ಅವನನ್ನು ಬಾಲ್ಯದಿಂದ ಬಲ್ಲ, ಅವನಿಂದ 'ಅಪ್ಪ' ಎನಿಸಿಕೊಳ್ಳುತ್ತಿದ್ದ ಮೆಡೋಸ್ ಟೇಲರನ ಆತ್ಮಚರಿತ್ರೆಯು 1877ರಲ್ಲಿ ಪ್ರಕಟವಾಯಿತು. ಸೆರೆವಾಸಕ್ಕೆ ಕರೆದೊಯ್ಯುತ್ತಿದ್ದಾಗ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ರಾಜನು ಮಡಿದನೆಂದೂ, ಜಾತಕದಲ್ಲಿ ಅವನ ಆಯುಸ್ಸು 24ನೆಯ ವರ್ಷಕ್ಕೆ ಮುಗಿಯುವುದೆಂದಿದ್ದಿತೆಂದೂ ಅದರಲ್ಲಿ ಹೇಳಿದೆ. ಟೇಲರನ ದುಃಖವು ನಿಜವಾದುದೇ. ಆದರೆ ಅಲ್ಲಿ ಎಲ್ಲವೂ ಒಬ್ಬ ರಾಜ, ಒಂದು ಪಿಸ್ತೂಲು, ಒಂದು ವಿಧಿ ಇಷ್ಟರಲ್ಲಿ ಅಡಗುವುದು. ಸುರಪುರದ ಒಕ್ಕಲಿನ ಮನೆಯಲ್ಲಿ ಏನು ಹೋಯಿತೆಂಬುದನ್ನು ಆ ಗದ್ಯವು ಎಣಿಸುವುದಿಲ್ಲ. ವಿಧಿಯ ಮಾತೆತ್ತದೆ, ಹುಕುಮಿನಿಂದಲೇ ಕಥೆಯನ್ನಾರಂಭಿಸಿ ಬೀಸುವ ಕಲ್ಲಿನವರೆಗೆ ಲೆಕ್ಕವೊಪ್ಪಿಸಿದುದು ಹಲಗಲಿಯ ಹಾಡಿನ ಹೆಗ್ಗಳಿಕೆ.

ಲಾವಣಿಯ ಹುಕುಮು 'ಎಲ್ಲ ಜನ'ರಿಗೆ ಅನ್ವಯಿಸುವುದು. ಚರಿತ್ರೆಯಲ್ಲಿ ಹಾಗಾಗಲಿಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ನರು ಕೊಡವರ ನಿಷ್ಠೆಯನ್ನೂ ಶೌರ್ಯವನ್ನೂ ಹೊಗಳಿ, ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಅವರಿಗೆ ವಿನಾಯಿತಿಯನ್ನಿತ್ತರು. ಕುಲಪರಂಪರೆಯಿಂದ ಶಸ್ತ್ರಧಾರಿಗಳಾದ ಇಬ್ಬರಲ್ಲಿ ಒಬ್ಬರಿಗೆ ನಾಲ್ಕು ವರ್ಷಗಳ ಹಿಂದೆ ನೇಣು ದೊರೆಯಿತು. ಇನ್ನೊಬ್ಬರಿಗೆ ಮನ್ನಣೆ ದೊರೆಯಿತು. ಆಯುಧವು ನ್ಯಾಯಸಮ್ಮತವೇ ಎಂಬುದನ್ನು ಆಳುವವರ ನಂಬಿಕೆಯೇ ನಿರ್ಣಯಿಸುತ್ತಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಗೊತ್ತಾದ ಬಂದೂಕುಗಳ ವಿಷಯದಲ್ಲಿ ಆ ವಿನಾಯಿತಿಯು ಈಗಲೂ ನಡೆದುಬಂದಿದ್ದು, 2029ರ ಅಕ್ಟೋಬರ್ 31ರವರೆಗೆ ಊರ್ಜಿತದಲ್ಲಿರುವುದು.

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯನ್ನು ಲಾವಣಿಯ ಪಟ್ಟಿಯೊಡನೆ ಇಟ್ಟು ಓದುವುದು ಸಾರ್ಥಕವಾದೀತು. ಮನೆಗೆಲಸಕ್ಕೂ ಬೇಸಾಯಕ್ಕೂ ಮಾತ್ರವಾಗಿ ಮಾಡಿದ ವಸ್ತುಗಳು ಆಯುಧವೇ ಅಲ್ಲವೆಂದು ಅದರ ಲಕ್ಷಣವಾಕ್ಯದಲ್ಲಿಯೇ ಹೇಳಿದೆ. ಸಾಮಾನ್ಯ ಬಂದೂಕಿಗೆ ಪರವಾನಗಿ ಬೇಕು. 2019ರ ತಿದ್ದುಪಡಿಯ ಮೇರೆಗೆ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಸಲ್ಲದು. ಕುದುರೆಯನ್ನೊತ್ತಿ ಹಿಡಿದಷ್ಟು ಹೊತ್ತು ಗುಂಡುಗಳನ್ನು ಸುರಿಸುವ ಸಬ್‌ಮಷಿನ್ ಗನ್ನಿನಂತಹವು ನಿಷಿದ್ಧ ವರ್ಗಕ್ಕೆ ಸೇರಿದವು. ಕೇಂದ್ರ ಸರಕಾರದ ವಿಶೇಷ ಅನುಮತಿಯಿಲ್ಲದೆ ಇಟ್ಟುಕೊಂಡವನಿಗೆ 7ರಿಂದ 14 ವರ್ಷಗಳವರೆಗೆ ಸೆರೆಯುಂಟು. ಒಂದೇ ಕ್ಷಣದಲ್ಲಿ ಹಲವರ ಪ್ರಾಣವನ್ನು ತೆಗೆಯುವ ಯಂತ್ರವನ್ನು ಪ್ರಜೆಯ ಕೈಗೆ ಕೊಡದಿರುವುದು ಯುಕ್ತವೇ. ಹಲಗಲಿಯ ಲಾವಣಿಯನ್ನು ಮುಂದಿಟ್ಟುಕೊಂಡು ಅಂತಹ ಹಕ್ಕನ್ನು ಯಾರಾದರೂ ಸಾಧಿಸಹೊರಟರೆ, ಅವರು ಅದರ ಪೂರ್ವಾರ್ಧವನ್ನು ಮಾತ್ರ ಓದಿದವರೆನ್ನಬೇಕು. ಉತ್ತರಾರ್ಧದ ಪಾಠವು ಬೇರೆ: ಆಯುಧವನ್ನು ಹುಡುಕುತ್ತ ಬಂದ ಅಧಿಕಾರಕ್ಕೆ ಕೊಡಲಿ ಯಾವುದು, ಕತ್ತಿ ಯಾವುದು, ಗಂಗಾಳ ಯಾವುದು ಎಂಬ ವಿವೇಕವಿರಬೇಕು. ಇಂದಿನ ಕಾಯಿದೆಯ ಲಕ್ಷಣವಾಕ್ಯದಲ್ಲಿ ಕಾಣುವ ಆ ವಿವೇಕವು 1857ರ ದಂಡಿನಲ್ಲಿರಲಿಲ್ಲ.

ಆದುದರಿಂದ ತರಗತಿಯಲ್ಲಿ ಈ ಲಾವಣಿಯನ್ನು ಬೋಧಿಸುವವರು ವಸ್ತುಗಣನೆಯ ಭಾಗವನ್ನು ಅವಸರದಿಂದ ದಾಟದೆ, ಒಂದೊಂದು ಹೆಸರನ್ನೂ ನಿಲ್ಲಿಸಿ ಓದಿಸುವುದು ಉಚಿತ. ಗಲ್ಲಿಗೇರಿದವರ ಸಂಖ್ಯೆಯನ್ನು ಸರಕಾರದ ಕಾಗದಗಳು ಉಳಿಸಿಕೊಂಡಿವೆ. ಬೀಸುವ ಕಲ್ಲನ್ನು ಕಳೆದುಕೊಂಡ ಹೆಂಗಸರ ಲೆಕ್ಕವು ಹಾಡಿನಲ್ಲಿದೆ.