ಖಡ್ಗಲೇಖಗಳ ಕಾಲನಿರ್ಣಯ

ಪ್ರಾಚೀನವೆನ್ನಲಾದ ಖಡ್ಗವೊಂದು ದೊರೆತೊಡನೆ ಅಲಗಿನ ಮೇಲಣ ಅಕ್ಷರಗಳನ್ನೋದಿ, ಅವು ಸೂಚಿಸುವ ಕಾಲವನ್ನೇ ಲೋಹಕ್ಕೂ ಆರೋಪಿಸುವ ಪದ್ಧತಿಯು ಪ್ರಚಾರದಲ್ಲಿರುವುದು. ಇದು ವಿಮರ್ಶೆಗೆ ನಿಲ್ಲತಕ್ಕುದಲ್ಲ. ಬಂಡೆಯು ಕದಲದು, ಖಡ್ಗವಾದರೋ ಕೈಯಿಂದ ಕೈಗೆ ಸಾಗುವುದು. ಹಿಡಿ ಮುರಿದರೆ ಹೊಸ ಹಿಡಿ ಬರುವುದು, ಗೆದ್ದವನು ತನ್ನ ಹೆಸರನ್ನು ಕೆತ್ತಿಸುವನು. ಐರೋಪ್ಯರ ಅಲಗಿಗೆ ದೇಶೀಯ ಹಿಡಿ ಕೂಡಿದ ಕತ್ತಿಗೆ ‘ಫಿರಂಗಿ’ ಎಂದೇ ಹೆಸರು. ಆದಕಾರಣ ಅಲಗು, ಹಿಡಿ, ಲೇಖ ಇವುಗಳ ಕಾಲವನ್ನು ಪ್ರತ್ಯೇಕವಾಗಿ ನಿರ್ಣಯಿಸತಕ್ಕುದು.

ಬೃಹತ್ಸಂಹಿತೆಯ ಖಡ್ಗಲಕ್ಷಣವನ್ನು ಕೆಲವರು ಪ್ರಮಾಣವಾಗಿ ತರುವರು. ಅಲ್ಲಿ ಐವತ್ತಂಗುಲದ ಖಡ್ಗವು ಉತ್ತಮ, ಇಪ್ಪತ್ತೈದಂಗುಲದ್ದು ಕನಿಷ್ಠ. ಆದರೆ ವರಾಹಮಿಹಿರನು ಹೇಳಿರುವುದು ಶುಭಾಶುಭವನ್ನೇ ಹೊರತು ವಯಸ್ಸನ್ನಲ್ಲ. ಪರಶುರಾಮನ ಹೆಸರು ಪರಶುರಾಂಪುರಕ್ಕೆ ಇರುವ ಮಾತ್ರದಿಂದ ಅಲ್ಲಿಯ ಕೊಡಲಿಯೊಂದು ತ್ರೇತಾಯುಗದ್ದಾಗುವುದೇ?

ಪರಶುರಾಂಪುರ, ಮೊಳಕಾಲ್ಮೂರುಗಳ ನೆರೆಯ ಚಿತ್ರದುರ್ಗವು 1779ರಲ್ಲಿ ಹೈದರನ ವಶವಾಯಿತು. ಆದುದರಿಂದ ಈ ಸೀಮೆಯ ಆಯುಧಪರೀಕ್ಷಕನಿಗೆ ನಾಯಕರ ಕಾಲದ ಜ್ಞಾನದೊಡನೆ ಸುಲ್ತಾನನ ಕಾಲಗಣನೆಯೂ ತಿಳಿದಿರಬೇಕು. ಟಿಪ್ಪುವು 1787ರ ಸುಮಾರಿಗೆ ಹಿಜರಿಯನ್ನು ಬಿಟ್ಟು ಮೌಲೂದೀ ಶಕವನ್ನು ಹಿಡಿದನು. ಅರವತ್ತು ಸಂವತ್ಸರಗಳಿಗೆ ಹೊಸ ಹೆಸರುಗಳನ್ನಿಟ್ಟನು. ನಾಣ್ಯಗಳಲ್ಲಿ ಅಂಕಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಹೀಗೆ ಬರೆದ 1222 ಎಂಬ ವರ್ಷವು ವಾಡಿಕೆಯಂತೆ ಓದುವವನಿಗೆ 2221 ಆಗುವುದು. ಅಂಕಕ್ರಮವನ್ನರಿತವನೂ ಅದನ್ನು ಹಿಜರಿಯೆಂದೆಣಿಸಿದರೆ ಕ್ರಿ.ಶ. 1807 ಬರುವುದು, ಸುಲ್ತಾನನು 1799ರಲ್ಲಿಯೇ ಮಡಿದನಾದ್ದರಿಂದ ಲೇಖವು ಕೂಟವೆಂದು ತಳ್ಳಿಬಿಡುವನು. ಮೌಲೂದಿಯಲ್ಲಾದರೆ ಅದು 1794-95, ನಮ್ಮ ಆನಂದ ಸಂವತ್ಸರ. ಸತ್ಯವಾದ ವಸ್ತುವೂ ಅಜ್ಞಾನದಿಂದ ಹೀಗೆ ಹಾಳಾಗುವುದು.

ವಿಲಕ್ಷಣತೆಯೇ ದೋಷವೆಂದು ತಿಳಿಯಲಾಗದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ರೈಸ್ ಸಾಹೇಬರು ಕಂಡ ಅಶೋಕಶಾಸನದ ಕೊನೆಯಲ್ಲಿ ಲಿಪಿಕಾರ ಚಪಡನು ಒಂದು ಪದವನ್ನು ಮಾತ್ರ ಬ್ರಾಹ್ಮಿಯನ್ನು ಬಿಟ್ಟು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೆತ್ತಿರುವನು. ಕೂಟಲೇಖಕನಿಗೆ ಇಂತಹದು ಸುಲಭವಾಗಿ ತೋಚುವುದಿಲ್ಲ.

ಈಗಿನ ಕೂಟಲೇಖಕನು ಗ್ರಂಥಗಳನ್ನೋದಿದವನು, ಲಾಭವೂ ಅಲ್ಪವಲ್ಲ. ಟಿಪ್ಪುವಿನದೆಂಬ ಖಡ್ಗವೊಂದು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಹೋಯಿತು. ಆದಕಾರಣ ಅರ್ಥದೊಡನೆ ರೇಖೆಯನ್ನೂ ನೋಡಬೇಕು. ಅಲಗೆಲ್ಲ ಸವೆದಿದ್ದು ಅಕ್ಷರದ ಅಂಚು ಮಾತ್ರ ಹರಿತವಾಗಿದ್ದರೆ, ತುಕ್ಕು ತಿಂದ ಕುಳಿಯೊಳಕ್ಕೂ ಉಳಿಯ ಗೆರೆಯು ಇಳಿದಿದ್ದರೆ, ಲೇಖವು ಅಲಗಿಗಿಂತ ಈಚಿನದು. ಉಕ್ಕಿನ ನೀರಲೆಯಂತಹ ಬೆಡಗೂ ಇಲ್ಲಿ ಸಾಕ್ಷಿ. ಆಯುಧಪೂಜೆಯ ಮುನ್ನಾದಿನ ಹುಣಿಸೆಹಣ್ಣು, ಬೂದಿಗಳಿಂದ ಅಲಗನ್ನು ತಿಕ್ಕುವ ಮನೆಗಳಲ್ಲಿ ಈ ಸಾಕ್ಷಿಯು ವರ್ಷವರ್ಷವೂ ಸವೆಯುತ್ತಿರುವುದು.