ಬಯಲಿಗೆ ಬಂದ ಕುಂಚ

ನಮ್ಮ ಊರುಗಳ ರಸ್ತೆಬದಿಯಲ್ಲಿಯೂ ಗೋಮಾಳಗಳಲ್ಲಿಯೂ ನೆಟ್ಟು ಬೆಳೆಸಿದ ನೀಲಗಿರಿ ಮರವನ್ನು ಕಾಣದ ಓದುಗರು ವಿರಳ. ಸುಲಿದ ತೊಗಟೆ, ಬಿಳಿಚಿದ ಕಾಂಡ, ಜೋತುಬಿದ್ದ ಎಲೆ. ಎಲೆಯ ಅಂಚು ಸೂರ್ಯನತ್ತ ತಿರುಗಿರುವುದರಿಂದ ಅದರ ನೆರಳೂ ತೆಳು. ಈ ಮರದ ತವರು ಆಸ್ಟ್ರೇಲಿಯ. ಅಲ್ಲಿಗೆ ಹೋಗಿ ನೆಲಸಿದ ಇಂಗ್ಲಿಷ್ ಚಿತ್ರಕಾರರು ಕಣ್ಣೆದುರಿಗೆ ಈ ಮರವಿದ್ದರೂ ತಮ್ಮ ನಾಡಿನ ಓಕ್ ಮರದ ದಟ್ಟ ಹಸುರನ್ನೇ ಬರೆದರೆಂಬ ಮಾತು ಕಲಾಚರಿತ್ರೆಯಲ್ಲಿ ರೂಢಿಯಾಗಿದೆ. ಮಾತು ಪೂರ್ತಿ ನಿಜವಲ್ಲ; 1831ರಲ್ಲಿ ಇಂದಿನ ಟಾಸ್ಮೇನಿಯಕ್ಕೆ ಬಂದಿಳಿದ ಜಾನ್ ಗ್ಲೋವರ್ ಈ ಮರದ ಬಳುಕನ್ನು ಚೆನ್ನಾಗಿಯೇ ಹಿಡಿದಿದ್ದನು. ಆದರೂ ಅದರಲ್ಲಿ ಒಂದಂಶ ತಥ್ಯವಿದೆ. ಕಣ್ಣು ಕಂಡದ್ದನ್ನೇ ಕೈ ಬರೆಯುತ್ತದೆಂದು ನಂಬುವಂತಿಲ್ಲ.

ನಾವು ವಿದ್ಯಾರ್ಥಿನಿಲಯದಲ್ಲಿದ್ದಾಗ ನಿಸರ್ಗಚಿತ್ರವೆಂದರೆ ಎರಡು ಗುಡ್ಡ, ನಡುವೆ ಉದಯಸೂರ್ಯ, ಕೆಳಗೆ ಹೊಳೆ, ದಂಡೆಯಲ್ಲಿ ಬಾಗಿದ ತೆಂಗು. ಎರೆಭೂಮಿಯ ಹುಡುಗರಾದ ನಮಗೆ ಗುಡ್ಡವೂ ಗೊತ್ತಿರಲಿಲ್ಲ, ತೆಂಗಿನ ತೋಟವೂ ಗೊತ್ತಿರಲಿಲ್ಲ. ಕಿಟಕಿಯ ಹೊರಗೆ ಜೋಳದ ಹೊಲವಿತ್ತು, ಬದುವಿನಲ್ಲಿ ಜಾಲಿಯ ಗಿಡವಿತ್ತು. ಅವನ್ನು ಬರೆದವರು ನಮ್ಮಲ್ಲಿ ಒಬ್ಬರೂ ಇಲ್ಲ. ಮೆಲ್ಬರ್ನ್ ನಗರದ ನಾಲ್ಕಾರು ಮಂದಿ ತರುಣರು ಮಾಡಿದ ಕೆಲಸದ ಬೆಲೆಯನ್ನು ನಾನು ಅಳೆಯುವುದು ಈ ನೆನಪಿನಿಂದಲೇ.

ಟಾಮ್ ರಾಬರ್ಟ್ಸ್ ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮೆಲ್ಬರ್ನಿಗೆ ಬಂದು, ಛಾಯಾಗ್ರಾಹಕರ ಅಂಗಡಿಯಲ್ಲಿ ದುಡಿದವನು. ಲಂಡನ್ನಿನಲ್ಲಿ ಚಿತ್ರವಿದ್ಯೆ ಕಲಿತು 1885ರಲ್ಲಿ ಹಿಂದಿರುಗಿದನು. ರೊಟ್ಟಿ ಸುಡುವ ಬೇಕರಿಯ ಮನೆಯಿಂದ ಬಂದ ಫ್ರೆಡರಿಕ್ ಮೆಕ್‌ಕಬಿನ್, ಚುಟ್ಟಾ ವ್ಯಾಪಾರಸ್ಥರ ಮನೆಯ ಲೂಯಿ ಏಬ್ರಹಾಮ್ಸ್ ಜೊತೆಗೂಡಿದರು. ಅದೇ ವರ್ಷ ಬಾಕ್ಸ್ ಹಿಲ್ ಎಂಬಲ್ಲಿ ಒಬ್ಬ ರೈತನ ಜಮೀನಿನಲ್ಲಿ ಮೂವರೂ ಡೇರೆ ಹಾಕಿದರು. ಮುಂದೆ ಮೆಂಟೋನ್ ಕಡಲದಂಡೆಯಲ್ಲಿ ಒಬ್ಬನೇ ಕುಳಿತು ಬರೆಯುತ್ತಿದ್ದ ಆರ್ಥರ್ ಸ್ಟ್ರೀಟನ್ ಎಂಬ ಹುಡುಗನನ್ನು ಕಂಡು ಗೆಳೆಯರು ತಮ್ಮ ಗುಂಪಿಗೆ ಸೇರಿಸಿಕೊಂಡರು. ಅವನು ಕಲ್ಲಚ್ಚಿನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದವನು. ಚಾರ್ಲ್ಸ್ ಕಾಂಡರ್ 1888ರಲ್ಲಿ ಸಿಡ್ನಿಯಿಂದ ಬಂದನು. ಊರ ಹೊರಗೆ ರೈಲು ಹಾಕಿದ್ದು ಆಗಷ್ಟೇ. ಒತ್ತಿದರೆ ಬಣ್ಣ ಹೊರಬರುವ ತವರದ ಕೊಳವೆಗಳು 1841ರಿಂದ ಬಳಕೆಗೆ ಬಂದಿದ್ದವು. ಈ ಎರಡು ಅನುಕೂಲಗಳಿಲ್ಲದೆ, ವಾರವೆಲ್ಲ ಹೊಟ್ಟೆಪಾಡಿಗೆ ದುಡಿದು ಬಿಡುವಿನ ದಿನ ಬಯಲಿಗೆ ಹೋಗುವ ಇಂಥ ಕಲಾಸಾಧನೆ ಸಾಧ್ಯವಾಗುತ್ತಿರಲಿಲ್ಲ. ಪ್ರತಿಭೆಯನ್ನು ಹೊಗಳುವ ಭರದಲ್ಲಿ ವಿಮರ್ಶಕರು ರೈಲನ್ನು ಮರೆಯುತ್ತಾರೆ.

ಗುಂಪಿನಲ್ಲಿ ಕುಳಿತು ಬರೆಯುವುದರ ಲಾಭವೇನು? ಒಂದೇ ಮರದ ಮುಂದೆ ಮೂವರು ಕುಳಿತಾಗ, ಒಬ್ಬನು ಅಭ್ಯಾಸಬಲದಿಂದ ಕಡುಹಸುರನ್ನು ಬಳಿದರೆ ಪಕ್ಕದವನ ಹಲಗೆ ಅವನನ್ನು ತಡೆಯುತ್ತದೆ. ಕೋಣೆಯ ಚಿತ್ರಕಾರನಿಗೆ ಈ ತಡೆಯಿಲ್ಲ. ಎರವಲು ಕಣ್ಣು ಬೇಗ ಕಳಚುವುದು ಇಂಥ ಸಾಹಚರ್ಯದಲ್ಲಿಯೇ. ಇವರ ಚಿತ್ರಗಳಲ್ಲಿ ನೆರಳು ಕಪ್ಪಾಗಿಲ್ಲ, ನೇರಿಳೆಯಾಗಿದೆ. ಹುಲ್ಲು ಹಸುರಾಗಿಲ್ಲ, ಒಣಗಿ ಹೊಂಬಣ್ಣವಾಗಿದೆ. ಇವರಿಗಿಂತ ಮೊದಲೇ, 1865ರಲ್ಲಿ ಬಂದು ನೆಲಸಿದ ಸ್ವಿಸ್ ಚಿತ್ರಕಾರ ಲೂಯಿ ಬುವೆಲೋ ಬಯಲಿನಲ್ಲಿ ಬರೆಯುವ ದಾರಿ ತೋರಿದ್ದನೆಂಬುದನ್ನು ಅವರೇ ಒಪ್ಪುತ್ತಿದ್ದರು. ಹೊಸತೆಲ್ಲ ನಮ್ಮಿಂದಲೇ ಎಂದು ಮೆರೆಯದ ಈ ವಿನಯ ಮೆಚ್ಚತಕ್ಕದ್ದು.

1889ರ ಆಗಸ್ಟ್ 17ರಂದು ಮೆಲ್ಬರ್ನಿನ ಸ್ವಾನ್‌ಸ್ಟನ್ ಬೀದಿಯಲ್ಲಿ ಇವರ ಪ್ರದರ್ಶನ ತೆರೆಯಿತು. 183 ಚಿತ್ರಗಳು, ಬಹುಪಾಲು 9 ಅಂಗುಲ ಉದ್ದ 5 ಅಂಗುಲ ಅಗಲದ ಚುಟ್ಟಾ ಪೆಟ್ಟಿಗೆಯ ಮುಚ್ಚಳಗಳ ಮೇಲೆ ಬರೆದವು. ಏಬ್ರಹಾಮ್ಸ್ ಮನೆಯ ವ್ಯಾಪಾರ ಹೀಗೆ ಕಲೆಗೆ ಒದಗಿತು. ‘ಆರ್ಗಸ್’ ಪತ್ರಿಕೆಯ ವಿಮರ್ಶಕ ಜೇಮ್ಸ್ ಸ್ಮಿತ್ ಅವನ್ನು ಕಣ್ಣಿಗೆ ನೋವೆಂದು ಜರೆದನು. ಗೆಳೆಯರು ಆ ಬರಹವನ್ನೇ ಬಾಗಿಲಿಗೆ ಹಚ್ಚಿದರು. ಜನ ಇನ್ನಷ್ಟು ಬಂದರು. ಸ್ಮಿತ್‌ನನ್ನು ನೋಡಿ ನಗುವುದು ಇಂದು ಸುಲಭ. ಆದರೆ ಆ ಹಲಗೆಗಳಲ್ಲಿ ಕೆಲವು ಬರಿಯ ಕೈಚಳಕವೇ ಸರಿ. ಬೇಗ ಬರೆದದ್ದೆಲ್ಲ ಸತ್ಯವಾಗದು. ಕ್ಷಣದ ಬೆಳಕು ಮರಳಿ ಬಾರದೆಂಬ ಅವರ ನಿಲುವು ಮಾತ್ರ ಸಾಧುವಾದದ್ದು. ಒಂಬತ್ತು ಅಂಗುಲದಲ್ಲಿ ಎಲೆ ಎಣಿಸಿ ಬರೆಯಲಾಗದು, ಬೆಳಕನ್ನಷ್ಟೇ ಹಿಡಿಯಬಹುದು.

ಇದೇ ವರ್ಷದ ದೊಡ್ಡ ಕೃತಿ ಸ್ಟ್ರೀಟನ್‌ನ ‘ಗೋಲ್ಡನ್ ಸಮ್ಮರ್, ಈಗಲ್‌ಮಾಂಟ್’. ಹೈಡೆಲ್‌ಬರ್ಗ್ ಬಳಿಯ ಗುಡ್ಡದ ಮೇಲೆ ಪಾಳುಬಿದ್ದಂತಿದ್ದ ಮನೆಯೊಂದರಲ್ಲಿ ಗೆಳೆಯರು ಬೀಡುಬಿಟ್ಟಿದ್ದಾಗ ಬರೆದದ್ದು. ಇಳಿಜಾರಿನ ಒಣಹುಲ್ಲು, ಕುರಿಗಳು, ಇಳಿಹೊತ್ತಿನ ನೆರಳು, ದೂರದಲ್ಲಿ ಡ್ಯಾಂಡೆನಾಂಗ್ ಬೆಟ್ಟಗಳ ನೀಲಿ. ಇಪ್ಪತ್ತೆರಡು ತುಂಬದ ಹುಡುಗನ ಕೈಯಲ್ಲಿ ಬಿಸಿಲು ಇಷ್ಟು ಶಾಂತವಾಗಿ ಹರಡಿರುವುದು ಸೋಜಿಗ. ಎಷ್ಟು ಸಲ ನೋಡಿದರೂ, ಅಚ್ಚಿನ ಪ್ರತಿಯಲ್ಲಿಯೂ, ತಣಿಯದ ಚಿತ್ರವಿದು. ಆದರೆ ತಣಿದ ಮೇಲೆ ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಹೊಂಬಣ್ಣ ಬಂದದ್ದೆಲ್ಲಿಂದ? ಕಾಡು ಕಡಿದು ಹುಲ್ಲುಗಾವಲು ಮಾಡಿದ್ದರಿಂದ. ಆ ಗುಡ್ಡವೂ ಮನೆಕಟ್ಟುವ ನಿವೇಶನಗಳಾಗಿ ಮಾರಾಟವಾಗಲು ಕಾದಿದ್ದ ಜಮೀನು. ಚಿತ್ರದಲ್ಲಿ ಅನಾದಿಯಂತೆ ತೋರುವ ನೆಮ್ಮದಿ ಒಂದೆರಡು ತಲೆಮಾರಿನದು.

ಮುಂದಿನ ವರ್ಷ ಸ್ಟ್ರೀಟನ್ ಹೈಡೆಲ್‌ಬರ್ಗಿನ ಯಾರಾ ನದಿಯನ್ನು ಬರೆದನು. ಹೆಸರಿಟ್ಟದ್ದು ವರ್ಡ್ಸ್‌ವರ್ತ್ ಕವಿ ಇಂಗ್ಲೆಂಡಿನ ಡಡ್ಡನ್ ಹೊಳೆಯನ್ನು ಕುರಿತು ಹಾಡಿದ ಒಂದು ಸಾಲನ್ನು! 1896ರ ಹಾಕ್ಸ್‌ಬರಿ ನದಿಯ ಚಿತ್ರಕ್ಕೆ ಶೆಲ್ಲಿಯ ಸಾಲು. ಬಣ್ಣ ಊರಿನದು, ಹೆಸರು ಮಾತ್ರ ಇಂಗ್ಲೆಂಡಿನದು. ಕುಂಚ ಬಯಲಿಗೆ ಬಂದರೂ ನಾಲಗೆ ಬಂದಿರಲಿಲ್ಲ. ಆ ನದಿಗೆ ಅಲ್ಲಿನ ಮೂಲನಿವಾಸಿಗಳಾದ ವುರುಂಡ್ಜೆರಿ ಜನ ಬಿರ್ರರಂಗ್ ಎಂದು ಕರೆಯುತ್ತಿದ್ದರು.

ಗುಂಪು ಒಬ್ಬನ ತಪ್ಪನ್ನು ತಿದ್ದುತ್ತದೆಂದೆ. ಆದರೆ ಎಲ್ಲರಿಗೂ ಸಮಾನವಾದ ಕುರುಡನ್ನು ಗುಂಪು ತಿದ್ದಲಾರದು. ಜೇನ್ ಸದರ್ಲೆಂಡ್, ಕ್ಲಾರಾ ಸದರ್ನ್ ಮೊದಲಾದ ಹೆಂಗಸರು ಅದೇ ಬಯಲಿನಲ್ಲಿ ಬರೆದರು. ಡೇರೆಯಲ್ಲಿ ರಾತ್ರಿ ತಂಗುವುದು ಸಭ್ಯವಲ್ಲವೆಂದು ಬೆಳಗಿನ ರೈಲಿನಲ್ಲಿ ಬಂದು ಸಂಜೆಗೆ ಮರಳಬೇಕಾಗುತ್ತಿತ್ತು. ಮುಸ್ಸಂಜೆಯ ಬೆಳಕು ಅವರ ಪಾಲಿಗೆ ಎಷ್ಟು ದಕ್ಕಿತೋ! ಇನ್ನು, ಈ ಬಯಲುಗಳಲ್ಲಿ ಕಾಣುವ ಮನುಷ್ಯರು ಬಿಳಿಯ ಕೂಲಿಗಳು, ಮಕ್ಕಳು, ಬಿಸಿಲಿಗೆ ಕೊಡೆ ಹಿಡಿದ ಹೆಂಗಸರು. ಮೂಲನಿವಾಸಿಯ ಸುಳಿವಿಲ್ಲ. ರಾಬರ್ಟ್ಸ್ 1892ರಲ್ಲಿ ಮೂಲನಿವಾಸಿಗಳ ಮುಖಚಿತ್ರ ಬರೆದದ್ದುಂಟು. ಆದರೆ ಅದು ಮುಖದ ಅಭ್ಯಾಸ. ನೆಲದ ಚಿತ್ರದಲ್ಲಿ ನೆಲದವನಿಗೆ ಎಡೆ ದೊರೆಯಲಿಲ್ಲ.

ಈ ಮಾತು ಇಂದಿನ ಕಣ್ಣಿನಿಂದ ಅಂದಿನವರನ್ನು ದೂರಿದಂತಾಯಿತೆಂದು ಕೆಲವರು ಹೇಳಬಹುದು. ಅವರಿಗೆ ನನ್ನ ಉತ್ತರ ಇಷ್ಟೇ: ಅದೇ ವರ್ಷಗಳಲ್ಲಿ, ಅದೇ ಯಾರಾ ನದಿಯ ಮೇಲ್ದಂಡೆಯ ಕೊರಂಡರ್ಕ್‌ನಲ್ಲಿ ಇನ್ನೊಬ್ಬ ಚಿತ್ರಕಾರನಿದ್ದನು. ವಿಲಿಯಮ್ ಬರಾಕ್, ವುರುಂಡ್ಜೆರಿ ಹಿರಿಯ. 1863ರಲ್ಲಿ ಮೂಲನಿವಾಸಿಗಳಿಗೆಂದು ಕಾದಿರಿಸಿದ ಆ ನೆಲ ಕೈತಪ್ಪದಂತೆ ತನ್ನವರೊಡನೆ ಮೆಲ್ಬರ್ನಿನವರೆಗೆ ನಡೆದುಹೋಗಿ ಸರ್ಕಾರಕ್ಕೆ ಮೊರೆಯಿಟ್ಟವನು. ಕಾವಿಮಣ್ಣು, ಇದ್ದಿಲು, ಜಲವರ್ಣಗಳಿಂದ ಅವನು ಕಾಗದದ ಮೇಲೆ ತನ್ನವರ ಕುಣಿತಗಳನ್ನು ಬರೆದನು: ಚರ್ಮದ ಹೊದಿಕೆ ಹೊದ್ದ ಹೆಂಗಸರ ಸಾಲು, ಹೆಜ್ಜೆ ಹಾಕುವ ಗಂಡಸರು. ಅಲ್ಲಿ ದೂರದ ಬೆಟ್ಟವಿಲ್ಲ, ಸಂಜೆಯ ಬೆಳಕಿಲ್ಲ. ನೆಲವೆಂದರೆ ಅವನಿಗೆ ಅದರ ಮೇಲೆ ಕುಣಿಯುವ ಜನ. ಹೈಡೆಲ್‌ಬರ್ಗಿನ ಬಯಲಿನಲ್ಲಿ ಬೆಳಕುಂಟು, ಆ ಜನವಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವನಿಗೆ ಒಂದರ ಕೊರತೆ ಮತ್ತೊಂದರಿಂದ ತಿಳಿಯುತ್ತದೆ.

ಬರಾಕ್ 1903ರಲ್ಲಿ ತೀರಿಕೊಂಡನು. ಅವನು 1897ರಲ್ಲಿ ನೆರೆಯ ದ್ರಾಕ್ಷಿತೋಟದ ಸ್ವಿಸ್ ಮನೆತನಕ್ಕೆ ಕೊಟ್ಟಿದ್ದ ಚಿತ್ರವೊಂದು 2022ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಹರಾಜಿಗೆ ಬಂದಿತು. ವುರುಂಡ್ಜೆರಿ ಜನ ವಂತಿಗೆ ಎತ್ತಿ, ವಿಕ್ಟೋರಿಯ ಸರ್ಕಾರದ ನೆರವನ್ನೂ ಪಡೆದು, ಅದನ್ನು ಕೊಂಡು ಊರಿಗೆ ತಂದರು.