ಮನೆಗೆಲಸವೂ ಮನೆಯೂ: ವಾರದ ವೇದಪಾಠದ ಒಂದು ವಿಮರ್ಶೆ

ದೈವಶಾಸ್ತ್ರದ ವಿಮರ್ಶೆಗೆ ನಾವು ಸಾಮಾನ್ಯವಾಗಿ ಗ್ರಂಥಗಳನ್ನು, ಪ್ರಸಂಗಗಳನ್ನು, ಆರಾಧನಾ ಕ್ರಮಗಳನ್ನು ಆರಿಸಿಕೊಳ್ಳುತ್ತೇವೆ. ಕ್ರೈಸ್ತ ಶಾಲೆಯ ಆರನೆಯ ಅಥವಾ ಏಳನೆಯ ತರಗತಿಯ ಮಗುವಿನ ಚೀಲದಲ್ಲಿ ವಾರಕ್ಕೊಮ್ಮೆ ಮನೆಗೆ ಹೋಗುವ ಪಾಠದ ಹಾಳೆ ನಮ್ಮ ಗಮನಕ್ಕೆ ಬರುವುದು ಅಪರೂಪ. ಆದರೆ ನಮ್ಮ ಪ್ರಸಂಗಗಳು ಎಂದೂ ತಲುಪದ ಮನೆಗಳನ್ನು ಆ ಹಾಳೆ ತಲುಪುತ್ತದೆ. ಅದು ದೇವರ ವಿಷಯವಾಗಿ ಏನನ್ನು ಹೇಳುತ್ತಿದೆ ಎಂದು ವಿಚಾರಿಸುವುದು ಸಭಾಪಾಲಕರ ಕರ್ತವ್ಯವೇ ಆಗಿದೆ.

ಚಿಕ್ಕಬಳ್ಳಾಪುರದ ಸೀಮೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ವಿಚಾರಣೆ ಮಾಡೋಣ. ಲಂಡನ್ ಮಿಷನ್ನಿನವರು 1820ರಲ್ಲಿ ಬೆಂಗಳೂರಿಗೆ ಬಂದರು. ಅದೇ ಶತಮಾನದ ಕೊನೆಯ ಹೊತ್ತಿಗೆ ಚಿಕ್ಕಬಳ್ಳಾಪುರವೂ ಅವರ ಕೇಂದ್ರವಾಯಿತು. ಶಾಲೆ, ಆಸ್ಪತ್ರೆ, ಸಭೆ ಎಂಬ ಮೂರು ಕೆಲಸಗಳು ಒಂದೇ ಬಳ್ಳಿಯ ಕವಲುಗಳಂತೆ ಬೆಳೆದವು. 1947ರಲ್ಲಿ ದಕ್ಷಿಣ ಭಾರತ ಸಭೆ ಆ ಹೊಣೆಯನ್ನು ಸ್ವೀಕರಿಸಿತು. ಇಂದು ಇಲ್ಲಿಯ ಕ್ರೈಸ್ತ ಶಾಲೆಗಳ ತರಗತಿಯಲ್ಲಿ ಚಿಂತಾಮಣಿ ಮತ್ತು ಗೌರಿಬಿದನೂರಿನ ಕಡೆಯ ತೆಲುಗು ಮನೆಮಾತಿನ ಮಗು, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯ ಮನೆಯಿಂದ ಬರುವ ಉರ್ದು ಮನೆಮಾತಿನ ಮಗು, ಕನ್ನಡದ ಮಗು ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುವುದುಂಟು. ಕ್ರೈಸ್ತ ಮಕ್ಕಳು ಅವರಲ್ಲಿ ಕೆಲವರೇ.

ಈಗ ಒಂದು ವಾರದ ಹಾಳೆಯನ್ನು ಮಾದರಿಗಾಗಿ ಕಲ್ಪಿಸಿಕೊಳ್ಳೋಣ. ಪಾಠ: ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯ, ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯ. ಬಾಯಿಪಾಠಕ್ಕೆ ಒಂದು ವಾಕ್ಯ. ಬಿಟ್ಟ ಸ್ಥಳ ತುಂಬಲು ಐದು ವಾಕ್ಯಗಳು. ಯಜಮಾನನು ಎಷ್ಟು ಸಾರಿ ಆಳುಗಳನ್ನು ಕರೆಯಲು ಹೋದನು? ಕೊನೆಗೆ ಬಂದವರಿಗೆ ಎಷ್ಟು ಕೂಲಿ ಸಿಕ್ಕಿತು? ಈ ಸಾಮ್ಯದಿಂದ ಕಲಿಯುವ ನೀತಿ ಯಾವುದು? ಸೋಮವಾರ ಒಪ್ಪಿಸಬೇಕು, ಹತ್ತು ಅಂಕ. ಇಂಥ ಹಾಳೆಯನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ತುಂಬಿಸಿದ್ದೇವೆ, ದೊಡ್ಡವರಾದ ಮೇಲೆ ಸಿದ್ಧಪಡಿಸಿಯೂ ಇದ್ದೇವೆ.

ಇದರಲ್ಲಿ ತಪ್ಪು ಮಾಹಿತಿಯೇನೂ ಇಲ್ಲ. ಬಾಯಿಪಾಠವನ್ನೂ ನಾವು ಹಗುರವಾಗಿ ಕಾಣಬಾರದು. ಕೈವಾರದ ತಾತಯ್ಯನವರ ಪದಗಳನ್ನು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಬಾಯಲ್ಲಿಯೇ ಉಳಿಸಿಕೊಂಡು ಬಂದ ನಾಡು ಇದು. ಹನ್ನೆರಡನೆಯ ವಯಸ್ಸಿನಲ್ಲಿ ಕಲಿತ ವಾಕ್ಯವೊಂದು ಎಪ್ಪತ್ತನೆಯ ವಯಸ್ಸಿನಲ್ಲಿ ಹಾಸಿಗೆಯ ಬಳಿಗೆ ತಾನಾಗಿ ಬರುವುದನ್ನು ಸಭಾಪಾಲನೆ ಮಾಡಿದವರೆಲ್ಲರೂ ಬಲ್ಲರು. ನಮ್ಮ ಆಕ್ಷೇಪಣೆ ಬೇರೆಯದು. ಆ ಸಾಮ್ಯವು ಕೇಳುವ ಪ್ರಶ್ನೆಯನ್ನು ಹಾಳೆ ಕೇಳುವುದಿಲ್ಲ. ಅದು ಕೊಡುವ ಅಂಕವು ಸಾಮ್ಯಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ.

ದ್ರಾಕ್ಷಿ ಬೆಳೆಯುವ ಚಿಕ್ಕಬಳ್ಳಾಪುರದಲ್ಲಿ ಕೂಲಿ ಎಂದರೇನೆಂದು ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಬೆಳಗ್ಗೆ ಕೆಲಸಕ್ಕೆ ಕರೆಯುವವರನ್ನು ಕಾಯುತ್ತಾ ನಿಲ್ಲುವವರು ಕೆಲವರಿಗೆ ತಂದೆತಾಯಿಗಳೇ ಆಗಿರಬಹುದು. ಅಂಥ ಮಗು ಈ ಕಥೆಯನ್ನು ಕೇಳಿದ ಕೂಡಲೇ ಕೇಳುವ ಪ್ರಶ್ನೆ, "ಇದು ನ್ಯಾಯವೇ, ಮಿಸ್?" ಎಂಬುದು. ದಿನವಿಡೀ ಬಿಸಿಲಲ್ಲಿ ದುಡಿದವರು ಕೇಳಿದ್ದೂ ಅದನ್ನೇ. ಅವರಿಗೆ ಯಜಮಾನನು ಕೊಟ್ಟ ಉತ್ತರವೂ ಪ್ರಶ್ನೆಯ ರೂಪದಲ್ಲಿಯೇ ಇದೆ. ಕರ್ತನು ತೆರೆದಿಟ್ಟ ಈ ವಾದವನ್ನು ನಮ್ಮ ಹಾಳೆ "ನೀತಿ" ಎಂಬ ಒಂದು ಗೆರೆಯಲ್ಲಿ ಮುಚ್ಚಿಬಿಡುತ್ತದೆ. ಅಷ್ಟು ಸಾಲದೆಂಬಂತೆ, ಕಡೆಯವನಿಗೂ ಸಮನಾದ ಕೂಲಿ ಕೊಡುವ ದೇವರ ಕಥೆಯನ್ನು ಚೆನ್ನಾಗಿ ಒಪ್ಪಿಸಿದವನಿಗೆ ಹತ್ತು, ತಡವರಿಸಿದವನಿಗೆ ನಾಲ್ಕು ಎಂದು ಅಳೆದು ಕೊಡುತ್ತೇವೆ. ಕೃಪೆಯ ಪಾಠವನ್ನು ಕ್ರಿಯೆಗಳ ಲೆಕ್ಕದಲ್ಲಿ ಕಲಿಸಿದಂತಾಯಿತು. ಮಗು ನಮ್ಮ ಮಾತಿಗಿಂತ ಆ ಲೆಕ್ಕವನ್ನೇ ಹೆಚ್ಚು ನಂಬುತ್ತದೆ.

ಆ ನಾಲ್ಕು ಅಂಕ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ನಮ್ಮ ಭಾಷೆಯಲ್ಲಿ ಶಾಲೆ ಕೊಡುವ ಅಭ್ಯಾಸಕ್ಕೂ ಮನೆಯ ದುಡಿಮೆಗೂ "ಮನೆಗೆಲಸ" ಎಂಬ ಒಂದೇ ಮಾತಿದೆ. ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಈ ಎರಡೂ ಒಂದೇ ಸಂಜೆಗೆ ಬಂದು ನಿಲ್ಲುತ್ತವೆ. ರೇಷ್ಮೆಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಲೇಬೇಕು. ಹುಳು ಹಣ್ಣಾದ ದಿನ ಮನೆಮಂದಿಯೆಲ್ಲ ಚಂದ್ರಿಕೆಯ ಮುಂದೆ ಇರುತ್ತಾರೆ. ಆ ವಾರ ಹಾಳೆ ತುಂಬದೆ ಬಂದ ಹುಡುಗಿಯನ್ನು ನಾವು ಸೋಮಾರಿ ಎನ್ನುವುದಾದರೆ, ನಮಗೆ ಆಕೆಯ ಮನೆ ಗೊತ್ತಿಲ್ಲವೆಂದೇ ಅರ್ಥ. ಓದಬಲ್ಲ ತಂದೆ, ಬಿಡುವಿರುವ ತಾಯಿ, ಪ್ರತ್ಯೇಕ ಮೇಜು ಇರುವ ಮನೆಗೆ ಮಾತ್ರ ಸಲ್ಲುವ ಪಾಠವು ಉಳ್ಳವರಿಗೇ ಇನ್ನಷ್ಟು ಕೊಡುವ ಪಾಠವಾಗುತ್ತದೆ.

1780ರಲ್ಲಿ ರಾಬರ್ಟ್ ರೇಕ್ಸ್ ಗ್ಲಾಸ್ಟರಿನಲ್ಲಿ ಭಾನುವಾರದ ಶಾಲೆಯನ್ನು ಆರಂಭಿಸಿದ್ದು ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗಾಗಿ ಎಂಬುದನ್ನು ನೆನೆಯಬೇಕು. ವೇದಪಾಠವು ಆಗ ಮಗುವಿನ ಬಿಡುವಿನ ವೇಳೆಯನ್ನು ಹುಡುಕಿಕೊಂಡು ಹೋಯಿತು. 1529ರ ತನ್ನ ಕಿರಿಯ ಪ್ರಶ್ನೋತ್ತರದಲ್ಲಿ ಲೂಥರನು ಪಾಠವನ್ನು ಮನೆಯ ಹಿರಿಯನ ಕೈಗೇ ಒಪ್ಪಿಸಿ, ಇದರ ಅರ್ಥವೇನು ಎಂಬ ಪ್ರಶ್ನೆಯ ಮೇಲೆಯೇ ಅದನ್ನು ಕಟ್ಟಿದನು. ಇನ್ನೂ ಹಿಂದೆ ಹೋದರೆ, ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿ ಪಸ್ಕದ ಅರ್ಥವನ್ನು ಕೇಳುವವರು ಮಕ್ಕಳು. ಯೆಹೋಶುವನ ಗ್ರಂಥದ 4ನೆಯ ಅಧ್ಯಾಯದಲ್ಲಿ ಹನ್ನೆರಡು ಕಲ್ಲುಗಳನ್ನು ನಿಲ್ಲಿಸಿದ್ದೂ ಮುಂದೆ ಮಕ್ಕಳು ಕೇಳುವರು ಎಂಬ ನಿರೀಕ್ಷೆಯಿಂದಲೇ. ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಕಿವಿಗೊಟ್ಟು ಪ್ರಶ್ನೆ ಕೇಳಿದ ಯೇಸುವಿಗೆ ಹನ್ನೆರಡು ವರ್ಷ; ನಮ್ಮ ಏಳನೆಯ ತರಗತಿಯ ಮಗುವಿನ ವಯಸ್ಸು. ಈ ಪರಂಪರೆಯಲ್ಲಿ ಪ್ರಶ್ನೆ ಮಗುವಿನದು, ಉತ್ತರದ ಹೊಣೆ ಹಿರಿಯರದು. ನಮ್ಮ ಹಾಳೆಯಲ್ಲಿ ಇದು ತಲೆಕೆಳಗಾಗಿದೆ.

ಇತರ ಧರ್ಮಗಳ ಮಕ್ಕಳ ವಿಷಯವನ್ನೂ ಇಲ್ಲಿ ಹೇಳಬೇಕು. ಸಂವಿಧಾನದ 28(3)ನೆಯ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆಯನ್ನಾಗಲಿ ಅನುದಾನವನ್ನಾಗಲಿ ಪಡೆದ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಅಪ್ರಾಪ್ತ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಇದನ್ನು ನಮ್ಮ ಕೆಲಸಕ್ಕೆ ಬಂದ ಅಡ್ಡಿಯೆಂದು ನೋಡುವವರು ನಮ್ಮಲ್ಲಿದ್ದಾರೆ. ನಾವು ಹಾಗೆ ನೋಡುವುದಿಲ್ಲ. ಕದ ತಟ್ಟಿ ಹೊರಗೆ ಕಾಯುವ ಕರ್ತನನ್ನು ಸಾರುವವರು ಒಂದು ಮನೆಯೊಳಗೆ ಹೇಳದೆ ಕೇಳದೆ ಹೋಗಲಾರರು. ಅಂಕವಿರುವ ಕಡೆ ಸಮ್ಮತಿಯೂ ಪೂರ್ತಿ ಸ್ವತಂತ್ರವಲ್ಲ ಎಂಬುದನ್ನು ಮರೆಯಬಾರದು.

ಶಿಕ್ಷಕಿಯರನ್ನು ದೂರುವುದು ನಮ್ಮ ಉದ್ದೇಶವಲ್ಲ. ತುಂಬಿದ ತರಗತಿ, ವಾರಕ್ಕೊಂದು ಗಳಿಗೆಯ ಅವಧಿ, ಮುಗಿಯದ ತಿದ್ದುವಿಕೆ, ಇವುಗಳ ನಡುವೆ ಬಿಟ್ಟ ಸ್ಥಳದ ಹಾಳೆ ಸುಲಭದ ಆಸರೆ. ಅವರಿಗೆ ಬೇರೆ ಮಾದರಿಯನ್ನು ಒದಗಿಸದೆ ಇರುವವರು ನಾವು. ಶಾಲೆಯ ಕರೆಸ್ಪಾಂಡೆಂಟರಾಗಿ ಸಹಿ ಹಾಕುವ ಸಭಾಪಾಲಕರಲ್ಲಿ ಎಷ್ಟು ಮಂದಿ ಆ ಹಾಳೆಯನ್ನು ಓದಿದ್ದೇವೆ? ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ ಪ್ರಬಂಧ ಬರೆಯಬಲ್ಲ ಸೆಮಿನರಿಯ ವಿದ್ಯಾರ್ಥಿಗೆ ಹನ್ನೆರಡು ವರ್ಷದ ಮಗುವಿಗಾಗಿ ಒಂದು ಪಾಠ ಬರೆಯಲು ನಾವು ಕಲಿಸಿದ್ದೇವೆಯೇ?

ಬದಲಾವಣೆಗೆ ಹೆಚ್ಚಿನ ಹಣ ಬೇಕಾಗಿಲ್ಲ. 2020ರ ಶಾಲಾ ಚೀಲದ ನೀತಿಯು 6ರಿಂದ 8ನೆಯ ತರಗತಿಯವರೆಗೆ ಎಲ್ಲ ವಿಷಯಗಳ ಮನೆಗೆಲಸವೂ ಸೇರಿ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದು ಹೇಳಿದೆ. ಅದರಲ್ಲಿ ವೇದಪಾಠ ಕೇಳಬೇಕಾದದ್ದು ಅತಿ ಸಣ್ಣ ಪಾಲು. ಅಂಕವನ್ನು ತೆಗೆಯೋಣ. ಸಮ್ಮತಿಯಿತ್ತ ಮನೆಗಳಿಗೆ ವಾರಕ್ಕೆ ಒಂದೇ ಪ್ರಶ್ನೆಯನ್ನು ಕಳುಹಿಸೋಣ, ಅದನ್ನು ಸೊಪ್ಪು ಹಾಕುತ್ತಲೇ ಅಜ್ಜಿಯ ಬಳಿ ತೆಲುಗಿನಲ್ಲೋ ಉರ್ದುವಿನಲ್ಲೋ ಕೇಳಲು ಬರುವಂತಿರಲಿ: "ಒಬ್ಬರಿಗೆ ಅವರ ದುಡಿಮೆಗಿಂತ ಹೆಚ್ಚು ಕೊಟ್ಟದ್ದನ್ನು ನೀವು ನೋಡಿದ್ದೀರಾ?" ಸೋಮವಾರ ಮಗು ಬರಿಗೈಯಲ್ಲಿ ಬಂದರೂ ಬಾಯಲ್ಲಿ ಒಂದು ಉತ್ತರವೋ ಇನ್ನೊಂದು ಪ್ರಶ್ನೆಯೋ ಇದ್ದೀತು. ತಿಂಗಳಿಗೊಮ್ಮೆ ಸಭಾಪಾಲಕರು ಆ ಅವಧಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲಿ.

ಧರ್ಮೋಪದೇಶಕಾಂಡದ 6ನೆಯ ಅಧ್ಯಾಯವು ಮನೆಯಲ್ಲಿರುವಾಗಲೂ ದಾರಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಆಡಬೇಕಾದ ಮಾತಾಗಿ ದೇವರ ಆಜ್ಞೆಯನ್ನು ಮಕ್ಕಳಿಗೆ ಒಪ್ಪಿಸುತ್ತದೆ. ವೇದಪಾಠದ ಮನೆಗೆಲಸಕ್ಕೆ ಅದಕ್ಕಿಂತ ಹಳೆಯ ವಿಧಿ ನಮಗೆ ಬೇಕಾಗಿಲ್ಲ. ಮುಂದಿನ ವಾರದ ಹಾಳೆ ಸಹಿಗಾಗಿ ನಮ್ಮ ಮೇಜಿಗೆ ಬಂದಾಗ, ಲೇಖನಿ ತೆರೆಯುವ ಮೊದಲು ಅದನ್ನು ಒಮ್ಮೆ ಓದೋಣ.